ನೀರು ಕಾಣುತ್ತದೆ, ಆಳ ಕಾಣುವುದಿಲ್ಲ!

ಎರಡು ದಿನ ರಜೆ ಸಿಕ್ಕಿತೆಂದರೆ ನೀವು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಕಡಲಿನ ಕಡೆಗೆ ಹೊರಡುತ್ತೀರಿ. ಹೊರಡಿ. ಬೇಡ ಎನ್ನುವವನು ನಾನಲ್ಲ. ಗೋವಾಕ್ಕೋ ಪುದುಚೇರಿಗೋ ಓಡುವ ಬದಲು ಕಾರವಾರದಿಂದ ಮಂಗಳೂರಿನ ತನಕ ಇರುವ ನಮ್ಮದೇ ಕರಾವಳಿಯನ್ನು ನೋಡಿದರೆ ನನಗೆ ಸಂತೋಷವೇ. ದೋಣಿ ಹತ್ತುತ್ತೀರಿ, ಡಾಲ್ಫಿನ್ ನೋಡುತ್ತೀರಿ, ದ್ವೀಪಕ್ಕೆ ಹೋಗುತ್ತೀರಿ, ಫೋಟೋ ಹೊಡೆಯುತ್ತೀರಿ. ಎಲ್ಲಾ ಸರಿ. ಆದರೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಎದೆ ಮುಟ್ಟಿಕೊಂಡು ಉತ್ತರ ಹೇಳಿ. ದೋಣಿಗೆ ಕಾಲಿಡುವ ಮೊದಲು ಅದರ ಕೆಳಗೆ ಎಷ್ಟು ನೀರಿದೆ ಎಂದು ಒಂದು ಸಲವಾದರೂ ಕೇಳಿದ್ದೀರಾ?

ನಾನೂ ಕೇಳಿರಲಿಲ್ಲ. ಅದಕ್ಕೇ ಈ ಲೇಖನ.

ನಾನು ಅಚ್ಚುಕೂಟ ನಡೆಸುವವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮೆಷಿನ್ನಿನ ಪಕ್ಕ ನಿಂತವನು ಇವತ್ತಿಗೂ ಶಾಯಿ ಕಾಗದಗಳ ನಡುವೆಯೇ ಇದ್ದೇನೆ. ಕಡಲಿಗೂ ನಿನಗೂ ಏನಯ್ಯಾ ಸಂಬಂಧ ಅಂತೀರಾ? ಹೇಳುತ್ತೇನೆ, ಕೇಳಿ.

ಮೆಷಿನ್ನುಗಳಿಗೆ ಆಯುಧಪೂಜೆ ಮಾಡಿ ಒಂದು ವಾರ ಆಗಿತ್ತು. ಸೀಗೆ ಹುಣ್ಣಿಮೆಯ ಮರುದಿನ ಪ್ರೆಸ್ಸಿನ ಹುಡುಗರು, ಅವರ ಮನೆಯವರು, ನನ್ನ ಮನೆಯವರು ಸೇರಿ ಹದಿನೆಂಟು ಮಂದಿ ಉತ್ತರ ಕನ್ನಡದ ಒಂದು ಅಳಿವೆಗೆ ಹೋದೆವು. ಅಳಿವೆ ಎಂದರೆ ಹೊಳೆ ಕಡಲನ್ನು ಸೇರುವ ಬಾಯಿ. ಮಧ್ಯಾಹ್ನ ಮೂರಕ್ಕೆ ಬಾಡಿಗೆ ದೋಣಿ ಹತ್ತಿದೆವು. ಹೋಗುವಾಗ ಏನೂ ಆಗಲಿಲ್ಲ. ಸಂಜೆ ಐದು ಗಂಟೆ ದಾಟಿದ ಮೇಲೆ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದೆವು. ನನ್ನ ತಂಗಿಯ ಮಗ ಮೊಬೈಲು ತೋರಿಸಿ, "ನೋಡು ಮಾವ, ಮ್ಯಾಪಿನಲ್ಲಿ ದಡದ ತನಕ ಬರೀ ನೀಲಿ. ನೀರೇ ನೀರು" ಅಂದ. ಅವನ ಮಾತು ಮುಗಿಯುವುದರೊಳಗೆ ದೋಣಿಯ ತಳ ಕರಕರ ಎಂದು ಉಜ್ಜಿ ನಿಂತುಬಿಟ್ಟಿತು. ಮರಳು ದಿಬ್ಬ! ಮೂತಿ ಸಿಕ್ಕಿಕೊಂಡಿತು, ಹಿಂಭಾಗ ತಿರುಗಿತು, ಕಡಲ ಅಲೆ ಪಕ್ಕದಿಂದ ಬಡಿಯಿತು. ಎರಡನೇ ಅಲೆಗೆ ದೋಣಿಯ ಒಳಗೆ ಮೊಳಕಾಲುದ್ದ ನೀರು. ಲೈಫ್ ಜಾಕೆಟ್ ಇರಲಿಲ್ಲವೆ? ಇದ್ದವು. ಸೀಟಿನ ಕೆಳಗೆ ಹಗ್ಗ ಕಟ್ಟಿದ ಗಂಟಿನಲ್ಲಿ!

ಪಕ್ಕದಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರರು ಧುಮುಕಿ ಬಂದರು. ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು ನಿಲ್ಲಿಸಿದರು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ದಾಟಿಸಿದರು. ಅವರಿಗೆ ನೀರು ಸೊಂಟದ ಮಟ್ಟಕ್ಕಿತ್ತು. ಯೋಚನೆ ಮಾಡಿ, ಸೊಂಟದ ನೀರಿನಲ್ಲಿ ಹದಿನೆಂಟು ಜನ ಸಾಯುವುದಿತ್ತು! ಅವರಲ್ಲಿ ಹಿರಿಯರೊಬ್ಬರು ನನ್ನನ್ನು ನೋಡಿ ಹೇಳಿದ್ದು ಇಷ್ಟೇ: "ಹುಣ್ಣಿಮೆ ಇಳಿತದಲ್ಲಿ ಇಲ್ಲಿ ಬರ್ತಾರಾ ಮಾರಾಯ್ರೇ?"

ಆ ಮಾತು ನನಗೆ ಅರ್ಥವಾಗಲು ತಿಂಗಳು ಹಿಡಿಯಿತು.

ಮೇಜಿನ ಮೇಲೆ ಬಿಚ್ಚಿದ ಕಡಲು

ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಮಗಳ ಮದುವೆ ಕರೆಯೋಲೆ ಮಾಡಿಸಲು ನಮ್ಮ ಪ್ರೆಸ್ಸಿಗೆ ಬಂದಿದ್ದರು. ಮಾತಿಗೆ ಮಾತು ಬಂದು ನಮ್ಮ ಕಥೆ ಹೇಳಿದೆ. ಅವರು ನಗಲಿಲ್ಲ. ಮರುದಿನ ಪ್ರೂಫ್ ನೋಡಲು ಬಂದಾಗ ಕಂಕುಳಲ್ಲಿ ಒಂದು ಸುರುಳಿ ತಂದಿದ್ದರು. ಮೇಜಿನ ಮೇಲೆ ಬಿಚ್ಚಿದರು. ಅದೇ ಕಡಲ ನಕ್ಷೆ. ಇಂಗ್ಲಿಷಿನಲ್ಲಿ ನಾಟಿಕಲ್ ಚಾರ್ಟ್. ನಮ್ಮ ಕರಾವಳಿಯದೇ ಹಳೆಯ ಒಂದು ಹಾಳೆ.

ಊರಿನ ನಕ್ಷೆಯಲ್ಲಿ ನೆಲದ ತುಂಬಾ ಹೆಸರು, ನೀರು ಖಾಲಿ. ಇದರಲ್ಲಿ ತಿರುಗುಮುರುಗು! ನೆಲ ಬಹುಪಾಲು ಖಾಲಿ, ನೀರಿನ ತುಂಬಾ ಅಂಕಿಗಳು. ಆ ಒಂದೊಂದು ಅಂಕಿಯೂ ಆ ಜಾಗದ ಆಳ. ಯಾರೋ ಹೋಗಿ ಅಳೆದು ತಂದು ಬರೆದದ್ದು. ನಾವು ಸಿಕ್ಕಿಕೊಂಡ ಜಾಗಕ್ಕೆ ಅವರು ಪೆನ್ಸಿಲ್ ಇಟ್ಟರು. ಅಲ್ಲಿ ಸೊನ್ನೆ, ಅದರ ಕಾಲಬುಡದಲ್ಲಿ ಪುಟ್ಟ 6. ಎಂದರೆ 0.6 ಮೀಟರ್. ಎರಡು ಅಡಿ! ನಾವು ಸಾಯುವುದಕ್ಕೆ ಹೋದ ಜಾಗ ಕಾಗದದ ಮೇಲೆ ಮೊದಲೇ ಅಚ್ಚಾಗಿ ಕೂತಿತ್ತು. ಓದುವವರು ಇರಲಿಲ್ಲ, ಅಷ್ಟೆ.

ನಮ್ಮ ದೇಶದಲ್ಲಿ ಇಂಥ ನಕ್ಷೆ ಮಾಡುವುದು ನೌಕಾಪಡೆಯ ಕೈಕೆಳಗಿನ ರಾಷ್ಟ್ರೀಯ ಜಲಮಾಪನ ಕಚೇರಿ. ಅದರ ಮೂಲ 1874ರಲ್ಲಿ ಕಲ್ಕತ್ತದಲ್ಲಿ ಶುರುವಾದ ಮೆರೈನ್ ಸರ್ವೆ. ಈಗ ಇರುವುದು ಡೆಹ್ರಾಡೂನಿನಲ್ಲಿ. ಕಡಲಿಲ್ಲದ ಬೆಟ್ಟದ ಊರಿನಿಂದ ಕಡಲ ನಕ್ಷೆ ಬರುತ್ತದೆ. ಕಡಲ ಪಕ್ಕದಲ್ಲೇ ಇರುವ ನಾವು ಅದನ್ನು ನೋಡಿಯೇ ಇಲ್ಲ!

ಓದುವುದು ಹೇಗೆ?

ಬ್ರಹ್ಮವಿದ್ಯೆ ಏನಲ್ಲ. ನನ್ನಂಥ ಪಿಯುಸಿ ಓದಿದವನಿಗೆ ಒಂದು ಸಂಜೆಯಲ್ಲಿ ತಲೆಗೆ ಹತ್ತಿದ್ದು ನಿಮಗೆ ಹತ್ತುವುದಿಲ್ಲವೆ?

ಮೊದಲು ಬಣ್ಣ. ನೆಲಕ್ಕೆ ತಿಳಿಹಳದಿ. ಆಳ ಕಡಿಮೆ ಇರುವ ನೀರಿಗೆ ನೀಲಿ. ಆಳದ ನೀರು ಬಿಳಿ. ನೆನಪಿರಲಿ, ನೀಲಿ ಎಂದರೆ ನೀರಿದೆ ಎಂದಲ್ಲ, ಹುಷಾರು ಎಂದು! ನನ್ನ ಸೋದರಳಿಯನ ಮೊಬೈಲು ಹೇಳಿದ್ದಕ್ಕೆ ಪೂರಾ ಉಲ್ಟಾ. ಹಸಿರು ಬಂದರೆ ಅದು ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ಏಳುವ ಜಾಗ. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು ಎಂಬುದು ಪ್ರೆಸ್ಸಿನ ಎಳೆ ಹುಡುಗನಿಗೂ ಗೊತ್ತು. ಅರ್ಧ ನೆಲ ಅರ್ಧ ನೀರು ಎಂದು ಜ್ಞಾಪಕ ಇಟ್ಟುಕೊಳ್ಳಿ, ಸಾಕು.

ದೀಪಗಳ ಗುರುತು, ಎಚ್ಚರಿಕೆಯ ಗೆರೆಗಳು ನೇರಳೆಗೆಂಪು ಬಣ್ಣದಲ್ಲಿ. ಯಾಕೆ ಅಪ್ಪಟ ಕೆಂಪು ಹಾಕಲಿಲ್ಲ ಎಂದು ಕೇಳಿದೆ. ಹಡಗಿನಲ್ಲಿ ರಾತ್ರಿ ಕಣ್ಣು ಕತ್ತಲೆಗೆ ಹೊಂದಿಕೊಂಡಿರಲೆಂದು ಕೆಂಪು ದೀಪ ಹಾಕಿ ನಕ್ಷೆ ನೋಡುತ್ತಾರಂತೆ. ಕೆಂಪು ದೀಪದಲ್ಲಿ ಕೆಂಪು ಶಾಯಿ ಮಾಯ! ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರೆಸ್ಸಿನ ಡಾರ್ಕ್‌ರೂಮಿನ ಕೆಂಪು ಬಲ್ಬಿನಲ್ಲಿ ಕೆಂಪು ಪೆನ್ಸಿಲಿನ ಗುರುತು ಕಾಣದೆ ಅಪ್ಪನ ಕೈಲಿ ಬೈಸಿಕೊಂಡವನು ನಾನು.

ಎರಡನೆಯದು ಗುರುತು. ಕೂಡುವ ಲೆಕ್ಕದ ಚಿಹ್ನೆ ಇದ್ದರೆ ನೀರಿನ ಕೆಳಗೆ ಅಪಾಯದ ಬಂಡೆ. ನಕ್ಷತ್ರದಂಥ ಚಿಹ್ನೆ ಇದ್ದರೆ ಮುಳುಗಿ ಏಳುವ ಬಂಡೆ. ಚುಕ್ಕೆಗಳ ಸುತ್ತು ಇದ್ದರೆ ಒಳಗೆ ಹೋಗಬೇಡ ಎಂದು. ಅಂಕಿಯ ಕೆಳಗೆ ಗೆರೆ ಎಳೆದಿದ್ದರೆ ಅದು ಆಳವಲ್ಲ, ಇಳಿತದಲ್ಲಿ ಆ ಜಾಗ ನೀರಿನಿಂದ ಅಷ್ಟು ಎತ್ತರಕ್ಕೆ ಏಳುತ್ತದೆ ಎಂದು. ಒಂದು ಗೆರೆ ಗಮನಿಸದಿದ್ದರೆ ಅರ್ಥ ತಲೆಕೆಳಗು. ಕನ್ನಡದಲ್ಲಿ ದೀರ್ಘ, ಒತ್ತು ಬಿಟ್ಟರೆ ಏನಾಗುತ್ತದೆ ಗೊತ್ತಲ್ಲ? ಇಲ್ಲಿ ಅಕ್ಷರ ಬಿಟ್ಟರೆ ಜೀವ ಹೋಗುತ್ತದೆ.

ಮೂರನೆಯದು ದೂರ. ನಕ್ಷೆಯ ಎಡಬಲ ಅಂಚಿನಲ್ಲಿರುವ ಅಕ್ಷಾಂಶದ ಒಂದು ನಿಮಿಷವೇ ಒಂದು ನಾಟಿಕಲ್ ಮೈಲಿ, 1852 ಮೀಟರ್. ನೀವಿರುವ ಜಾಗಕ್ಕೆ ನೇರವಾಗಿ ಪಕ್ಕದ ಅಂಚಿನಲ್ಲೇ ಅಳೆಯಬೇಕು. ಮೇಲಿನ ಕೆಳಗಿನ ಅಂಚಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ನಾಲ್ಕನೆಯದು ಬೋಯಿಗಳು, ಎಂದರೆ ನೀರಲ್ಲಿ ತೇಲುವ ಗುರುತುಗಳು. ನಮ್ಮಲ್ಲಿ ಕಡಲಿನಿಂದ ಬಂದರಿನ ಒಳಗೆ ಬರುವಾಗ ಕೆಂಪು ಬೋಯಿ ಎಡಕ್ಕೆ, ಹಸಿರು ಬಲಕ್ಕೆ ಇರಬೇಕು. ಅಮೆರಿಕಕ್ಕೆ ಕೆಲಸಕ್ಕೆ ಹೋಗಿರುವ ನಮ್ಮ ಹುಡುಗರು ಅಲ್ಲಿ ದೋಣಿ ಬಾಡಿಗೆ ಹಿಡಿದು ತಾವೇ ಓಡಿಸುತ್ತಾರೆ. ಅವರಿಗೆ ಒಂದು ಮಾತು: ಅಲ್ಲಿ ಪದ್ಧತಿ ತದ್ವಿರುದ್ಧ. ಒಳಗೆ ಬರುವಾಗ ಕೆಂಪು ಬಲಕ್ಕೆ. ಅಲ್ಲಿ ರಸ್ತೆಯಲ್ಲಿ ಬದಿ ಬದಲಾಗುವಂತೆ ನೀರಿನಲ್ಲೂ ಬದಲಾಗುತ್ತದೆ.

ಹುಣ್ಣಿಮೆಯ ಲೆಕ್ಕ

ಈಗ ಆ ಮೀನುಗಾರರ ಮಾತಿಗೆ ಬರೋಣ. ನಕ್ಷೆಯಲ್ಲಿ ಬರೆದ ಆಳ ಯಾವ ಹೊತ್ತಿನದು? ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನಕ್ಷೆ ಮಾಡುವವರು ನೀರು ಅತ್ಯಂತ ಕೆಳಗೆ ಹೋಗುವ ಮಟ್ಟವನ್ನು ಹಿಡಿದು ಅಲ್ಲಿಂದ ಆಳ ಬರೆಯುತ್ತಾರೆ. ಸುಳ್ಳು ಭರವಸೆ ಕೊಡುವುದಿಲ್ಲ. ಇಷ್ಟಾದರೂ ಇರುತ್ತದೆ ಎಂದು ಲೆಕ್ಕ. ಅದರ ಮೇಲೆ ಆ ಹೊತ್ತಿನ ಉಬ್ಬರವನ್ನು ನೀವು ಕೂಡಿಸಿಕೊಳ್ಳಬೇಕು. ಯಾವ ದಿನ, ಯಾವ ಗಂಟೆಗೆ ಎಷ್ಟು ಎಂಬ ಪಟ್ಟಿಯನ್ನು ಸರ್ವೆ ಆಫ್ ಇಂಡಿಯಾ ವರ್ಷ ವರ್ಷ ಅಚ್ಚು ಹಾಕುತ್ತದೆ.

ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳ ಅಂತರ ಒಂದರಿಂದ ಎರಡು ಮೀಟರಿನಷ್ಟು. ಅಷ್ಟೇ ತಾನೇ ಅಂತೀರಾ? ಸಣ್ಣ ದೋಣಿಗೆ ಅದೇ ಸಾವು ಬದುಕಿನ ಅಂತರ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಬಹಳ ಮೇಲೆ, ಇಳಿತ ಬಹಳ ಕೆಳಗೆ. ನಾವು ಹೋದದ್ದು ಸೀಗೆ ಹುಣ್ಣಿಮೆಯ ಮರುದಿನ, ಮರಳಿದ್ದು ಇಳಿತದ ತುದಿಯಲ್ಲಿ!

ಲೆಕ್ಕ ಹಾಕಿ ನೋಡಿ. ನಕ್ಷೆಯ ಆಳ 0.6 ಮೀಟರ್. ಆ ಹೊತ್ತಿನ ಉಬ್ಬರ 0.3 ಎಂದು ಇಟ್ಟುಕೊಳ್ಳಿ. ಒಟ್ಟು 0.9. ಅಲೆಯ ಎತ್ತರ 0.6 ಎಂದರೆ ಅಲೆಯ ತಗ್ಗಿನಲ್ಲಿ ಅದರ ಅರ್ಧ, 0.3, ಕಳೆಯಬೇಕು. ಉಳಿದದ್ದು 0.6. ದೋಣಿ ನೀರಿನೊಳಗೆ ಮುಳುಗಿರುವ ಭಾಗ ಹತ್ತು ಜನ ಕೂತರೆ 0.5 ಎನ್ನಿ. ಹದಿನೆಂಟು ಜನ ಕೂತರೆ? 0.6 ದಾಟಿತು. ದೋಣಿ ನೆಲಕ್ಕೆ ಬಡಿಯಿತು. ಇದಕ್ಕೆ ಇಂಜಿನಿಯರಿಂಗ್ ಓದಬೇಕೆ? ಎಂಟು ಜನರನ್ನು ದಡದಲ್ಲಿ ಬಿಟ್ಟಿದ್ದರೆ, ಇಲ್ಲವೇ ಎರಡು ಗಂಟೆ ಮೊದಲು ಮರಳಿದ್ದರೆ, ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಇನ್ನೊಂದು ವಿಷಯ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತದೆ, ಕಡಲ ಅಲೆ ಒಳಗೆ ನುಗ್ಗುತ್ತದೆ. ಎರಡೂ ಎದುರಾಗಿ ಅಳಿವೆಯ ದಿಬ್ಬದ ಮೇಲೆ ಅಲೆ ಎದ್ದು ಮುರಿಯುತ್ತದೆ.

ಮೊಬೈಲನ್ನೇ ನಂಬಿ ಕೂತವರು

ನಮ್ಮದು ಹಳ್ಳಿ ದೋಣಿ, ದೊಡ್ಡವರಿಗೆ ಹೀಗಾಗುವುದಿಲ್ಲ ಎನ್ನಬೇಡಿ. 2014ರ ನವೆಂಬರ್ 29ರಂದು ಜಗತ್ತು ಸುತ್ತುವ ವೋಲ್ವೋ ಓಷನ್ ರೇಸಿನಲ್ಲಿದ್ದ ವೆಸ್ಟಾಸ್ ತಂಡದ ಹಾಯಿ ದೋಣಿ ಮಾರಿಷಸ್ಸಿನ ಉತ್ತರಕ್ಕಿರುವ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ರಾತ್ರಿ ಹೊತ್ತು ಬಡಿಯಿತು. ಪಳಗಿದ ನಾವಿಕರು, ಕೋಟಿಗಟ್ಟಲೆ ಬೆಲೆಯ ದೋಣಿ, ಕಂಪ್ಯೂಟರಿನಲ್ಲಿ ಕಡಲ ನಕ್ಷೆ. ದಿಬ್ಬ ಆ ನಕ್ಷೆಯಲ್ಲಿ ಇತ್ತು! ಆದರೆ ಪರದೆಯನ್ನು ಹಿಗ್ಗಿಸಿ ನೋಡಿದರೆ ಮಾತ್ರ ಕಾಣುತ್ತಿತ್ತು. ಅವರು ಹಿಗ್ಗಿಸಿ ನೋಡಿರಲಿಲ್ಲ. ಒಂಬತ್ತು ಮಂದಿಯೂ ಬದುಕಿದ್ದು ಪುಣ್ಯ.

ಹಾಗೆಂದು ಮೊಬೈಲನ್ನು ಕಡಲಿಗೆ ಎಸೆಯಿರಿ ಎನ್ನುತ್ತಿಲ್ಲ. ಕಾಗದ ಅಚ್ಚು ಹಾಕಿ ಬದುಕುವವನು ಕಾಗದದ ಪರ ಮಾತಾಡುತ್ತಾನೆ ಎಂದು ನಗಬೇಡಿ. ಕಾಗದದ ನಕ್ಷೆಯ ಕಾಲ ಮುಗಿಯುತ್ತಿದೆ ಎಂದು ನನಗೂ ಗೊತ್ತು. ಅಮೆರಿಕ ತನ್ನ ಕಾಗದದ ಕಡಲ ನಕ್ಷೆಗಳನ್ನು 2021ರಿಂದ ಹಂತ ಹಂತವಾಗಿ ನಿಲ್ಲಿಸಿತು. ಮೊಬೈಲಿನಲ್ಲೇ ನೋಡಿ. ಆದರೆ ರಸ್ತೆ ತೋರಿಸುವ ಮ್ಯಾಪನ್ನಲ್ಲ, ಆಳ ತೋರಿಸುವ ಕಡಲ ನಕ್ಷೆಯನ್ನು ನೋಡಿ. ಹೋಗುವ ದಾರಿಯ ಉದ್ದಕ್ಕೂ ಹಿಗ್ಗಿಸಿ ನೋಡಿ. ಸಿಗ್ನಲ್ ಹೋದರೂ ಸಿಗುವಂತೆ ಮೊದಲೇ ಇಳಿಸಿಟ್ಟುಕೊಳ್ಳಿ. ಬ್ಯಾಟರಿ ಸತ್ತರೆ ಏನು ಮಾಡುತ್ತೀರಿ ಎಂದೂ ಯೋಚಿಸಿ.

ನಕ್ಷೆಗೂ ಮಿತಿ ಉಂಟು

ನಕ್ಷೆಯೇ ದೇವರು ಎಂದೂ ತಿಳಿಯಬೇಡಿ. ಯಾವ ಭಾಗವನ್ನು ಯಾವ ವರ್ಷ ಅಳೆದದ್ದು ಎಂದು ಅದರಲ್ಲೇ ಬರೆದಿರುತ್ತದೆ, ಮೊದಲು ಅದನ್ನು ಓದಿ. ಬದಲಾವಣೆಗಳನ್ನು ಡೆಹ್ರಾಡೂನಿನ ಕಚೇರಿ ಹದಿನೈದು ದಿನಕ್ಕೊಮ್ಮೆ ನಾವಿಕರಿಗೆ ಸೂಚನೆ ಎಂದು ಹೊರಡಿಸುತ್ತದೆ. ಪುಸ್ತಕದ ಕೊನೆಗೆ ನಾವು ಅಂಟಿಸುವ ತಪ್ಪು ಒಪ್ಪುಗಳ ಪಟ್ಟಿ ಇದ್ದಂತೆ. ತಿದ್ದಿದ್ದಕ್ಕೆ ಗುರುತು ನಕ್ಷೆಯ ಕೆಳಗಿನ ಎಡಮೂಲೆಯಲ್ಲಿ ಇರುತ್ತದೆ. ತಿದ್ದದ ನಕ್ಷೆ ಎಂದರೆ ಪ್ರೂಫ್ ನೋಡದ ಪುಸ್ತಕ.

ಇನ್ನು ನಮ್ಮ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳ ಅಳಿವೆಗಳಲ್ಲಿ ಮಳೆಗಾಲ ಕಳೆದ ಮೇಲೆ ಮರಳು ಹೋದ ವರ್ಷ ಇದ್ದಲ್ಲೇ ಇರುತ್ತದೆ ಎಂಬ ಖಾತರಿ ಇಲ್ಲ. ಬಂಡೆ ಕದಲುವುದಿಲ್ಲ, ಮರಳು ಕದಲುತ್ತದೆ. ಆದ್ದರಿಂದ ನಕ್ಷೆ ಒಂದು ಕಣ್ಣು, ಅಲ್ಲಿನ ಮೀನುಗಾರ ಇನ್ನೊಂದು ಕಣ್ಣು. ಮೊಗವೀರರು, ಖಾರ್ವಿಗಳು, ಅಂಬಿಗರು ತಲೆಯಲ್ಲೇ ನಕ್ಷೆ ಇಟ್ಟುಕೊಂಡವರು. ಅವರಿಗೆ ಕಾಗದ ಬೇಕಿಲ್ಲದಿರಬಹುದು. ನಿಮ್ಮ ತಲೆಯಲ್ಲಿ ಏನಿದೆ? ನಗರದಿಂದ ಹೋದ ನಾವು ಅವರ ಮುಂದೆ ಇಂಗ್ಲಿಷು ಉದುರಿಸುವ ಬದಲು ಕೈಕಟ್ಟಿ ಕೇಳಬೇಕು.

2019ರ ಜನವರಿ 21ನ್ನು ಮರೆಯಬೇಡಿ. ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ದೋಣಿಯಲ್ಲಿ ಮಿತಿ ಮೀರಿ ಜನ ಇದ್ದರೆಂಬ ಮಾತು ಆಗಲೇ ಕೇಳಿಬಂತು. ನಕ್ಷೆ ಒಂದಿದ್ದರೆ ಅವರೆಲ್ಲ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಸತ್ತವರ ಹೆಸರಿನಲ್ಲಿ ಸುಳ್ಳು ಹೇಳಬಾರದು. ಆದರೆ ಎಷ್ಟು ಜನ, ಎಂಥ ಅಲೆ, ಎಷ್ಟು ಆಳ ಎಂದು ಲೆಕ್ಕ ಕೇಳುವ ಅಭ್ಯಾಸ ಹತ್ತುವವರಲ್ಲಿ ಇದ್ದರೆ ತುಂಬಿದ ದೋಣಿ ದಡ ಬಿಡುವುದಿಲ್ಲ. ನಕ್ಷೆ ಕಲಿಸುವುದು ಆ ಅಭ್ಯಾಸವನ್ನೇ.

ಕನ್ನಡದಲ್ಲಿ ಯಾಕಿಲ್ಲ?

ನಕ್ಷೆಯಲ್ಲಿ ಮರಳಿಗೆ ಎಸ್, ಕೆಸರಿಗೆ ಎಂ, ಕಲ್ಲಿಗೆ ಆರ್ ಎಂದು ಬರೆದಿರುತ್ತಾರೆ. ಅದನ್ನು ತೆಗೆದು ಮ, ಕೆ, ಕ ಹಾಕಿ ಎಂದು ನಾನು ಕೂಗುವುದಿಲ್ಲ. ಬೇರೆ ಬೇರೆ ದೇಶದ ನಾವಿಕರು ಒಂದೇ ರೀತಿ ಓದಲಿ ಎಂದು ಒಪ್ಪಿಕೊಂಡ ಗುರುತುಗಳು ಅವು. ಇರಲಿ. ಆದರೆ ಅವನ್ನು ಓದುವುದು ಹೇಗೆ ಎಂದು ಕನ್ನಡದಲ್ಲಿ ಹೇಳಿಕೊಟ್ಟರೆ ಯಾರ ಗಂಟು ಹೋಗುತ್ತದೆ? ದೋಣಿ ಓಡಿಸುವವನು ಕನ್ನಡಿಗ, ಹತ್ತುವವರು ಕನ್ನಡಿಗರು, ಮುಳುಗಿದರೆ ಅಳುವವರೂ ಕನ್ನಡಿಗರು. ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲೇ ಇರಬೇಕೆ?

ಹೆಸರುಗಳನ್ನೇ ನೋಡಿ. ನಮ್ಮ ನೇತ್ರಾಣಿಗೆ ಇಂಗ್ಲಿಷಿನಲ್ಲಿ ಪಿಜನ್ ಐಲ್ಯಾಂಡ್. ಮಲ್ಪೆಯವರ ತೋನ್ಸೆಪಾರು ಸೇಂಟ್ ಮೇರೀಸ್. ಕಾರವಾರದ ದೇವಗಡ ಆಯ್ಸ್ಟರ್ ರಾಕ್ಸ್. ಇದು ಬರೀ ಅಭಿಮಾನದ ಪ್ರಶ್ನೆಯಲ್ಲ ಗೆಳೆಯರೇ, ಜೀವದ ಪ್ರಶ್ನೆ. ಆಪತ್ತಿನಲ್ಲಿ ನೀವು ಒಂದು ಹೆಸರು ಕೂಗಿ, ಕಾಪಾಡಲು ಹೊರಟವನಿಗೆ ಇನ್ನೊಂದು ಹೆಸರು ಮಾತ್ರ ಗೊತ್ತಿದ್ದರೆ? ಎರಡು ಹೆಸರನ್ನೂ ಅಕ್ಕಪಕ್ಕ ಬರೆಯಲಿ. ಎರಡನ್ನೂ ನೀವು ಕಲಿಯಿರಿ.

ನನ್ನ ಬೇಡಿಕೆ ದೊಡ್ಡದಲ್ಲ. ಜನರನ್ನು ದೋಣಿಗೆ ಹತ್ತಿಸುವ ಪ್ರತಿ ಕಟ್ಟೆಯಲ್ಲೂ ಒಂದು ಬೋರ್ಡು ಬೇಕು. ಅದರ ಮೇಲೆ ಆ ಜಾಗದ ಕಡಲ ನಕ್ಷೆಯ ತುಂಡು, ಗುರುತುಗಳಿಗೆ ಕನ್ನಡದಲ್ಲಿ ಅರ್ಥ, ಈ ದಿನದ ಉಬ್ಬರ ಇಳಿತದ ಗಂಟೆ, ಈ ದೋಣಿಗೆ ಎಷ್ಟು ಜನ ಎಂಬ ಅಂಕಿ. ಇಷ್ಟೇ. ದೊಡ್ಡ ದೊಡ್ಡ ಸ್ವಾಗತ ಕಮಾನು ಕಟ್ಟಿಸುವವರಿಗೆ ಒಂದು ಬೋರ್ಡು ಹಾಕಿಸುವುದು ಕಷ್ಟವೆ?

ಅಲ್ಲಿಯವರೆಗೆ ನೀವು ಮಾಡಬೇಕಾದ್ದು

ಹೋಗುವ ಹಿಂದಿನ ದಿನ ಕಡಲ ನಕ್ಷೆಯಲ್ಲಿ ದಾರಿ ನೋಡಿ. ಆ ದಿನದ ಉಬ್ಬರ ಇಳಿತದ ಹೊತ್ತು ಬರೆದುಕೊಳ್ಳಿ. ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಕೊಡುವ ಅಲೆಯ ಮುನ್ಸೂಚನೆ ನೋಡಿ. ದೋಣಿ ಎಷ್ಟು ಮುಳುಗುತ್ತದೆ, ಎಷ್ಟು ಜನ ಕೂರಬಹುದು ಎಂದು ಕೇಳಿ. ಉತ್ತರ ಬರದಿದ್ದರೆ ಹತ್ತಬೇಡಿ. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟಕ್ಕೆ ಬರುತ್ತೇವೆ ಎಂದು ದಡದಲ್ಲಿ ಒಬ್ಬರಿಗೆ ಹೇಳಿಹೋಗಿ. ಕಡಲಲ್ಲಿ ಆಪತ್ತು ಬಂದರೆ ಕರಾವಳಿ ರಕ್ಷಣಾ ಪಡೆಯ ನಂಬರು 1554. ಕೆರೆ, ಅಣೆಕಟ್ಟಿನ ಹಿನ್ನೀರಿಗೆ ಹೋಗುವವರೂ ಕೇಳಿ: ಕಡಲ ನಕ್ಷೆ ಅಲ್ಲಿಗೆ ಬರುವುದಿಲ್ಲ. ಮುಳುಗಿದ ಮರದ ಬೊಡ್ಡೆ, ಗೋಡೆ ಎಲ್ಲಿವೆ ಎಂದು ಸ್ಥಳದವರನ್ನೇ ಕೇಳಬೇಕು.

ನನ್ನ ಪಾಲಿನ ಕೆಲಸ ನಾನು ಶುರು ಮಾಡಿದ್ದೇನೆ. ಮದುವೆ ಕಾರ್ಡಿನ ಕೆಲಸದಲ್ಲಿ ಉಳಿದ ಕಾಗದದ ಮೇಲೆ ಕಡಲ ನಕ್ಷೆಯ ಮುಖ್ಯ ಗುರುತುಗಳ ಕನ್ನಡ ಅರ್ಥವನ್ನು ಒಂದೇ ಪುಟದಲ್ಲಿ ಅಚ್ಚು ಹಾಕಿದ್ದೇನೆ. ಆ ನಿವೃತ್ತ ನಾವಿಕರೇ ಪ್ರೂಫ್ ತಿದ್ದಿಕೊಟ್ಟರು. ಮೊದಲ ಕಟ್ಟನ್ನು ನಮ್ಮನ್ನು ಹೊತ್ತು ದಾಟಿಸಿದ ಆ ಮೀನುಗಾರರ ಊರಿಗೇ ಕಳಿಸಿದೆ. ದುಡ್ಡು ಬೇಡ. ನಿಮ್ಮ ಸಂಘದವರು ಬಂದರೆ ನಿಮಗೂ ಒಂದು ಕಟ್ಟು ಕೊಡುತ್ತೇನೆ. ಒಯ್ದು ಹಂಚಿ, ದೋಣಿಕಟ್ಟೆಯ ಗೋಡೆಗೆ ಅಂಟಿಸಿ.

ಮುಂದಿನ ಸಲ ನೀಲಿ ನೀರು ಕಂಡಾಗ ಓಡಿಹೋಗಿ ದೋಣಿ ಹತ್ತಬೇಡಿ. ಒಂದು ಗಳಿಗೆ ನಿಂತು ಕೇಳಿ, "ಅಣ್ಣಾ, ಇಲ್ಲಿ ಆಳ ಎಷ್ಟು?" ಕನ್ನಡದಲ್ಲೇ ಕೇಳಿ. ಉತ್ತರ ಸಿಗುವ ತನಕ ದಡ ಬಿಡಬೇಡಿ.